ಇಪ್ಪತ್ತರಲ್ಲಿ ಬರೆದಿಟ್ಟ ಪಟ್ಟಿ ಸಿಕ್ಕಿದೆ, ನಿಮ್ಮದೆಲ್ಲ ಏನಾಯ್ತು?

ಕೋಡಿಬಾಗದವ

ಮನೆಗೆ ಬಣ್ಣ ಹೊಡೆಸಲು ಅಟ್ಟ ಖಾಲಿ ಮಾಡುತ್ತಿದ್ದೆ. ಹಳೇ ಟ್ರಂಕಿನಲ್ಲಿ, ಡಿಗ್ರಿ ನೋಟ್ಸ್ ನಡುವೆ, ಒಂದು ಯಕ್ಷಗಾನದ ಕರಪತ್ರ ಸಿಕ್ಕಿತು. ಗುಲಾಬಿ ಬಣ್ಣದ್ದು, ಈಗ ಚಹಾದ ಬಣ್ಣಕ್ಕೆ ಬಂದಿದೆ. ಹಿಂದುಗಡೆ ನನ್ನದೇ ಅಕ್ಷರ. ಮೇಲೆ "1993. ಮದುವೆಗೆ ಮೊದಲು ಮಾಡಲೇಬೇಕಾದದ್ದು" ಅಂತ ಬರೆದು ಎರಡು ಗೆರೆ ಎಳೆದಿದ್ದೇನೆ. ಆಗ ನನಗೆ 20. ಬಕೆಟ್ ಲಿಸ್ಟ್ ಅನ್ನೋ ಮಾತು ನಮಗೆ ಗೊತ್ತೇ ಇರಲಿಲ್ಲ. ಬಕೆಟ್ ಅಂದರೆ ಬಾವಿಕಟ್ಟೆ ಮೇಲಿರೋದು, ಅಷ್ಟೇ.

ಒಟ್ಟು ಹನ್ನೊಂದು ಬರೆದಿದ್ದೆ.

ಯಾಣಕ್ಕೆ ಕಾಡಿನಲ್ಲಿ ನಡೆದು ಹೋಗುವುದು, ಆಯ್ತು. ಸೈಕಲ್ಲಿನಲ್ಲಿ ಮಡಗಾಂವ್‌ವರೆಗೆ ಹೋಗುವುದು, ಅದೂ ಆಯ್ತು. ಮಾಜಾಳಿ ದಾಟಿ ಕಾಣಕೋಣದವರೆಗೆ ಹಾಡು ಹೇಳುತ್ತಾ ಹೋದೆವು. ಕರ್ಮಲ್ ಘಾಟಿಯಲ್ಲಿ ಸೈಕಲ್ಲೇ ನಮ್ಮ ಮೇಲೆ ಸವಾರಿ ಮಾಡಿತು. ಗೋಕರ್ಣದಿಂದ ಹೊನ್ನಾವರದವರೆಗೆ ಕಡಲ ದಂಡೆ ಹಿಡಿದು ನಡೆಯುವುದು, ಇದು ಅರ್ಧ ಆಯ್ತು. ತದಡಿಯಲ್ಲಿ ದೋಣಿ ಹತ್ತಿ ಅಘನಾಶಿನಿ ದಾಟಿ, ಬಾಡ ಮುಗಿಸಿ ಕುಮಟೆ ಮುಟ್ಟುವಷ್ಟರಲ್ಲಿ ಗೆಳೆಯನ ಚಪ್ಪಲಿ ಬಾರು ಕಿತ್ತಿತು. ಬಸ್ ಹತ್ತಿದೆವು. ಮಳೆಗಾಲದಲ್ಲಿ ಉಂಚಳ್ಳಿ ನೋಡುವುದು. ಹೋದೆವು, ಆದರೆ ನೋಡಲಿಲ್ಲ. 116 ಮೀಟರ್ ಜಲಪಾತ ಪೂರ್ತಿ ಮಂಜಿನಲ್ಲಿ. ಸದ್ದು ಮಾತ್ರ ಕೇಳಿತು. ಅದಕ್ಕೇ ಅದನ್ನು ಕೆಪ್ಪ ಜೋಗ ಅನ್ನುತ್ತಾರೆ ಅಂತ ಸಮಾಧಾನ ಮಾಡಿಕೊಂಡೆವು.

ವಿಮಾನ ಹತ್ತುವುದು: 38ನೇ ವಯಸ್ಸಿಗೆ ಆಫೀಸ್ ಖರ್ಚಿನಲ್ಲಿ ಹತ್ತಿದೆ, ನಿದ್ದೆ ಮಾಡಿಬಿಟ್ಟೆ. ಬೊಂಬಾಯಿಯಲ್ಲಿ ಸಿನಿಮಾ ನೋಡುವುದು: ಆಯ್ತು, ಯಾವ ಸಿನಿಮಾ ಅಂತ ಮರೆತಿದೆ. ಚಂಡೆ ಕಲಿಯುವುದು: ಮೂರು ದಿನ. ಹಿಮಾಲಯ: ಇನ್ನು ಮಂಡಿ ಒಪ್ಪುವುದಿಲ್ಲ. ದೇವಗಡ ದ್ವೀಪದ ದೀಪಸ್ತಂಭ ಹತ್ತುವುದು: ಇಲ್ಲ. 1864ರಿಂದ ನಿಂತಿರುವ ದೀಪ ಅದು. ಬಾಲ್ಯದಿಂದ ರಾತ್ರಿ ಕಣ್ಣು ಹೊಡೆಯುತ್ತಲೇ ಇದೆ, ನಾನು ಮಾತ್ರ ಹೋಗಲಿಲ್ಲ. ಇನ್ನೊಂದನ್ನು ಬಾಲ್‌ಪೆನ್ನಿನಿಂದ ಗಟ್ಟಿಯಾಗಿ ಗೀಚಿ ಅಳಿಸಿದ್ದೇನೆ. ದೀಪಕ್ಕೆ ಹಿಡಿದು ನೋಡಿದರೂ ಓದಲು ಆಗಲಿಲ್ಲ. ಹೆಂಡತಿ ನನಗಿಂತ ಜಾಸ್ತಿ ಹೊತ್ತು ಹಿಡಿದು ನೋಡಿದಳು.

ನಿಮ್ಮದು ಹೇಳಿ. ಪಟ್ಟಿ ಬರೆದಿರಬೇಕು ಅಂತೇನಿಲ್ಲ.

ಶಿರಸಿ ಮಾವ

ಯಾಣ ಅಂದಿರಲ್ಲ, ತಗೊಳ್ಳಿ ನನ್ನದು.

ಈಗ ಯಾಣ ಅಂದರೆ ಕಾರು ನಿಲ್ಲಿಸಿ, ಮೆಟ್ಟಿಲು ಹತ್ತಿ, ಸೆಲ್ಫಿ ತೆಗೆದು, ಊಟದ ಹೊತ್ತಿಗೆ ಮನೆಗೆ ವಾಪಸ್. ಆಗ "ಸೊಕ್ಕಿದ್ದರೆ ಯಾಣ, ರೊಕ್ಕಿದ್ದರೆ ಗೋಕರ್ಣ" ಅನ್ನೋ ಗಾದೆಗೆ ಅರ್ಥ ಇತ್ತು. ನಮ್ಮ ಹತ್ತಿರ ರೊಕ್ಕ ಇರಲಿಲ್ಲ. ಸೊಕ್ಕು ಬೇಕಾದಷ್ಟಿತ್ತು. ಎಂತಾ ಸೊಕ್ಕು ಅಂದರೆ, ಎಲ್ಲರೂ ಶಿವರಾತ್ರಿಗೆ, ಕಾಡು ಒಣಗಿದ ಮೇಲೆ ಹೋಗುತ್ತಿದ್ದರು. ನಾವು ನಾಲ್ಕು ಜನ ಆಗಸ್ಟ್‌ನಲ್ಲಿ ಹೊರಟೆವು.

ದೇವನಳ್ಳಿವರೆಗೆ ಬಸ್ಸು. ಅಲ್ಲಿಂದ ಮತ್ತಿಘಟ್ಟದ ಕಡೆ ಕಾಲ್ನಡಿಗೆ. ಹೊರಡುವಾಗ ಅಜ್ಜಿ ಒಂದು ಬಟ್ಟೆ ಗಂಟು ಕೊಟ್ಟಿದ್ದಳು. ಒಳಗೆ ಉಪ್ಪು, ಸುಣ್ಣ, ಹೊಗೆಸೊಪ್ಪು ಕಲಸಿದ್ದು. ಉಂಬಳ (ಜಿಗಣೆ) ಹತ್ತಿದ ಕಡೆ ಇದನ್ನು ಒತ್ತು, ಎಳೆಯಬೇಡ ಅಂದಿದ್ದಳು. ನಾನು ಗಂಟನ್ನು ಜೇಬಿಗೆ ಹಾಕಿ ಮರೆತೆ. ಮೊದಲ ಹಳ್ಳ ದಾಟಿದ ಮೇಲೆ ನೋಡುತ್ತೇನೆ, ಎಡಗಾಲ ಬೆರಳುಗಳ ಸಂದಿಯಲ್ಲಿ ಸಾಲಾಗಿ ಕುಳಿತಿವೆ. ಒಂದೊಂದೂ ಉಬ್ಬಿ ನೇರಳೆ ಹಣ್ಣಿನ ಹಾಗಾಗಿದೆ. ನೋವಿಲ್ಲ, ಅದೇ ಮಜಾ. ಬಿಡಿಸಿದ ಮೇಲೆ ರಕ್ತ ನಿಲ್ಲುವುದಿಲ್ಲ, ತುರಿಕೆ ಹದಿನೈದು ದಿನ. ಗಂಟು ತೆಗೆದರೆ ಮಳೆಗೆ ಉಪ್ಪೆಲ್ಲ ಕರಗಿ ಜೇಬಿನ ತುಂಬ ಹೊಗೆಸೊಪ್ಪಿನ ನೀರು.

ಆಮೇಲೆ ಮಂಜು ಒಂದು ಸಲ ಸರಿಯಿತು ನೋಡಿ. ಕಾಡಿನ ನಡುವೆ ಕಪ್ಪು ಬಂಡೆ, 120 ಮೀಟರ್ ಎತ್ತರ, ಮೇಲಿಂದ ನೀರು ಎಳೆ ಎಳೆಯಾಗಿ ಇಳಿಯುತ್ತಿದೆ. ಪಕ್ಕದಲ್ಲಿ 90 ಮೀಟರಿನ ಮೋಹಿನಿ ಶಿಖರ. ಭಸ್ಮಾಸುರ ಬೂದಿಯಾದ ಜಾಗ ಅಂತ ಕೇಳಿದ್ದ ಕಥೆಯನ್ನು ಆವತ್ತು ನಾಲ್ಕೂ ಜನ ನಂಬಿದೆವು. ಭೈರವೇಶ್ವರನ ಎದುರು ನಿಂತಾಗ ನನ್ನ ಕಾಲಿನಿಂದ ಇನ್ನೂ ರಕ್ತ ಇಳಿಯುತ್ತಿತ್ತು.

ಹೋದ ವರ್ಷ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅಜ್ಜ, ಐಸ್‌ಕ್ರೀಂ ಇಲ್ವಾ?"

ಬೆಂಗ್ಳೂರಲ್ಲಿರೋ ಕುಮಟೆಯವ

ಮಾವ, ಆ ಗಂಟು ಈಗಲೂ ಬೇಕು. ಇಲ್ಲಿ ಟ್ರೆಕ್ಕಿಂಗ್‌ಗೆ ಅಂತ ಉಂಬಳದ ಕಾಲುಚೀಲ ಮಾರುತ್ತಾರೆ. ಬೆಲೆ ಕೇಳಿದರೆ ಉಂಬಳವೇ ಪರವಾಗಿಲ್ಲ ಅನಿಸುತ್ತೆ.

ತೊಡೆದೇವು

ಗಂಡಸರ ಪಟ್ಟಿಗಳು ಓದಲು ಚೆನ್ನಾಗಿವೆ. ನಮ್ಮ ಕಾಲದಲ್ಲಿ ಹುಡುಗಿಯರು ಇಂಥದ್ದು ಬರೆದಿಡುವ ಹಾಗಿರಲಿಲ್ಲ. ಯಾರ ಕೈಗಾದರೂ ಸಿಕ್ಕಿದರೆ ಅದೇ ಒಂದು ಯಕ್ಷಗಾನ.

ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ. ಶಿರಸಿ ಜಾತ್ರೆಯ ದೊಡ್ಡ ತೊಟ್ಟಿಲು ಹತ್ತಬೇಕು, ಮೇಲಿಂದ ಊರು ನೋಡಬೇಕು. ಮನೆಯಲ್ಲಿ ಬಿಲ್ಕುಲ್ ಬೇಡ ಅಂದಿದ್ದರು. ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಒಂದು ಸಲ ತಪ್ಪಿತು ಅಂದರೆ ಮತ್ತೆ ಎರಡು ವರ್ಷ ಕಾಯಬೇಕು. ಮೊದಲ ಸಲ ದೊಡ್ಡಮ್ಮ ಕೈ ಬಿಡಲಿಲ್ಲ. ಎರಡನೇ ಸಲ ಜ್ವರ. ಮೂರನೇ ಸಲ ಬಳೆ ತರುತ್ತೇನೆ ಅಂತ ಹೇಳಿ ಹೋದೆ. ತೊಟ್ಟಿಲು ಮೇಲೆ ಹೋಗಿ ನಿಂತಿತು, ಕೆಳಗೆ ಜನ ಹತ್ತಿಸಿಕೊಳ್ಳಲು. ಒಂದು ನಿಮಿಷ ಇರಬಹುದು. ದೀಪಗಳ ಆಚೆ ಕಪ್ಪಗೆ ಕಾಡು. ಊರು ಇಷ್ಟೇನಾ ಅನಿಸಿತು. ಅಷ್ಟರಲ್ಲಿ ಕೆಳಗೆ ನೋಡಿದರೆ ಸರಿಯಾಗಿ ನನ್ನ ಕೆಳಗೇ ಅಪ್ಪ, ಕಬ್ಬಿನ ಹಾಲಿನ ಲೋಟ ಹಿಡಿದು ನಿಂತಿದ್ದಾರೆ.

ಇಳಿದ ಮೇಲೆ ಏನೂ ಅನ್ನಲಿಲ್ಲ. "ಬಳೆ ಸಿಕ್ತಾ?" ಅಂತ ಕೇಳಿದರು.

ಶರಾವತಿ ದಂಡೆ

ಹೊನ್ನಾವರದ್ದು ನನ್ನದು. ಕೊಂಕಣ ರೈಲು ಪೂರ್ತಿ ಓಡಾಡಲು ಶುರುವಾಗಿದ್ದು 1998ರ ಜನವರಿ 26ಕ್ಕೆ. ಅದಕ್ಕೂ ಮೊದಲು, ಶರಾವತಿ ಮೇಲೆ ಸೇತುವೆ ಎದ್ದಿತ್ತು, ಹಳಿ ಇನ್ನೂ ಬಂದಿರಲಿಲ್ಲ. ಇಡೀ ಕೊಂಕಣ ರೈಲು ದಾರಿಯಲ್ಲೇ ಅತಿ ಉದ್ದದ ಸೇತುವೆ ಅದು, ಎರಡು ಕಿಲೋಮೀಟರಿಗೂ ಜಾಸ್ತಿ. ರೈಲಿಗಿಂತ ಮೊದಲು ನಾವು ದಾಟಬೇಕು ಅಂತ ಪಂಥ ಕಟ್ಟಿದೆವು. ಅರ್ಧ ದಾಟಿದ್ದೆವು. ಹಿಂದಿನಿಂದ ಕಾವಲುಗಾರನ ಸೀಟಿ. ಓಡಲೂ ಆಗದು, ನಿಲ್ಲಲೂ ಆಗದು. ವಾಪಸ್ ಬಂದ ಮೇಲೆ ಆತ ಬಯ್ಯಲಿಲ್ಲ. ತನ್ನ ಡಬ್ಬಿಯಿಂದ ಬೀಡಿ ತೆಗೆದು, ಕೈ ನಡುಗಿ, ಮೂರು ಕಡ್ಡಿ ಗೀರಿದ ಮೇಲೆ ಹೊತ್ತಿಸಿದ. ನಮಗಿಂತ ಅವನೇ ಹೆದರಿದ್ದ ಅಂತ ಅರ್ಥ ಆಗಿದ್ದು ನನಗೆ ಮಗ ಹುಟ್ಟಿದ ಮೇಲೆ.

ಶಿರಸಿ ಮಾವ

ಇದನ್ನು ಸಾಹಸ ಅನ್ನಬೇಡಿ ಮಾರಾಯ್ರೆ. ಹುಡುಗರು ಓದುತ್ತಿರುತ್ತಾರೆ.

ಶರಾವತಿ ದಂಡೆ

ಅನ್ನುವುದಿಲ್ಲ. ಮಗನಿಗೂ ಇವತ್ತಿನವರೆಗೆ ಹೇಳಿಲ್ಲ.

ಅಂಕೋಲೆ ಅಕ್ಕ

ನಾನು ಹೇಳುವುದು ಪಟ್ಟಿಯಲ್ಲಿ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ, ನನಗೆ ಆಗ 10.

1980ರ ಫೆಬ್ರವರಿ 16. ಖಗ್ರಾಸ ಸೂರ್ಯಗ್ರಹಣ. ನೆರಳು ಅರಬ್ಬಿ ಸಮುದ್ರದಿಂದ ನೆಲಕ್ಕೆ ಹತ್ತಿದ್ದೇ ನಮ್ಮ ಅಂಕೋಲಾ, ಕಾರವಾರದ ಕಡೆ. ಎಲ್ಲೆಲ್ಲಿಂದಲೋ ವಿಜ್ಞಾನಿಗಳು ದುರ್ಬೀನು ಹೊತ್ತು ನಮ್ಮ ಜಿಲ್ಲೆಗೆ ಬಂದಿದ್ದರಂತೆ. ನಮ್ಮ ಮನೆಯಲ್ಲಿ ಮಾತ್ರ ಕಿಟಕಿಗೆ ಗೋಣಿಚೀಲ ಕಟ್ಟಿದ್ದರು. ನೀರಿನ ಕೊಡಕ್ಕೆ, ಉಪ್ಪಿನಕಾಯಿ ಭರಣಿಗೆ ದರ್ಭೆ ಬಿದ್ದಿತ್ತು. ಬಸುರಿ ಚಿಕ್ಕಮ್ಮನನ್ನು ಒಳಕೋಣೆಯಲ್ಲಿ ಕೂರಿಸಿದ್ದರು. ದಾರಿಯಲ್ಲಿ ಒಂದು ನರಪಿಳ್ಳೆ ಇಲ್ಲ.

ಅಜ್ಜ ಒಬ್ಬರೇ ಬೇರೆ ಥರ. ಹಿತ್ತಲಿನಲ್ಲಿ ಒಂದು ತಪ್ಪಲೆಗೆ ಸಗಣಿ ನೀರು ಕಲಸಿಟ್ಟು, ಅದರೊಳಗೆ ಸೂರ್ಯನನ್ನು ನೋಡುತ್ತಾ ಕುಳಿತಿದ್ದರು. ನಾನು ಕೊಟ್ಟಿಗೆ ಬಾಗಿಲಿನಿಂದ ನುಸುಳಿ ಹೋಗಿ ಪಕ್ಕ ಕುಳಿತೆ. ಹಸಿರು ನೀರಿನಲ್ಲಿ ಸೂರ್ಯ ಕಚ್ಚಿದ ಹಪ್ಪಳದ ಹಾಗೆ ಕಾಣುತ್ತಿದ್ದ. ಹೊತ್ತು ಮಧ್ಯಾಹ್ನ ಮೂರೂವರೆ ದಾಟಿರಬೇಕು. ಬಿಸಿಲು ಇದ್ದ ಹಾಗೇ ಇದೆ, ಆದರೆ ಬಿಸಿ ಇಲ್ಲ. ಬಣ್ಣವೂ ಸರಿಯಿಲ್ಲ, ಹಳೇ ಹಿತ್ತಾಳೆಯ ಹಾಗೆ. ಆಮೇಲೆ ಸಮುದ್ರದ ಕಡೆಯಿಂದ ಕತ್ತಲು ಬಂತು. ಸಂಜೆಯ ಹಾಗೆ ನಿಧಾನ ಅಲ್ಲ, ಯಾರೋ ಕಂಬಳಿ ಎಳೆದ ಹಾಗೆ. ಕಾಗೆಗಳು ಗಲಾಟೆ ಮಾಡುತ್ತಾ ತೆಂಗಿನ ಮರಕ್ಕೆ ಬಂದು ಕುಳಿತವು. ಕೊಟ್ಟಿಗೆಯಲ್ಲಿ ಕರು ಕೂಗಿತು. ಅಜ್ಜ ನನ್ನ ಗಲ್ಲ ಹಿಡಿದು ಮುಖ ಮೇಲೆತ್ತಿದರು. ಕಪ್ಪು ಬಿಲ್ಲೆ, ಸುತ್ತ ಬಿಳಿ ಕೂದಲು. ಪೂರ್ತಿ ಮೂರು ನಿಮಿಷವೂ ಇರಲಿಲ್ಲ. ಅಂಚಿನಲ್ಲಿ ಬೆಳಕಿನ ಹನಿ ಕಂಡಿದ್ದೇ ಅಜ್ಜ ನನ್ನ ಕಣ್ಣು ಮುಚ್ಚಿದರು. ಅವರ ಅಂಗೈಗೆ ಸಗಣಿ ವಾಸನೆ. (ಮಕ್ಕಳಿರುವವರಿಗೆ: ಸಗಣಿ ನೀರು, ಬರಿಗಣ್ಣು ಎರಡೂ ಬೇಡ. ಗ್ರಹಣದ ಕನ್ನಡಕ ಸಿಗುತ್ತೆ, ಅದನ್ನೇ ತನ್ನಿ.)

ಅದಾದ ಮೇಲೆ ನನ್ನದು ಒಂದೇ ಹುಚ್ಚು. ದೊಡ್ಡವಳಾಗಿ ಇನ್ನೊಂದು ಖಗ್ರಾಸ ಸರಿಯಾಗಿ ನೋಡಬೇಕು. 1995ರಲ್ಲಿ ಬಂತು, ಉತ್ತರದಲ್ಲಿ. ಮಗಳಿಗೆ ಆರು ತಿಂಗಳು, ಆಗಲಿಲ್ಲ. 2009ರ ಜುಲೈ 22ಕ್ಕೆ ಬಂದದ್ದನ್ನು ಬಿಡಲಿಲ್ಲ. ರಜೆ ಹಾಕಿ, ಎರಡು ರೈಲು ಬದಲಿಸಿ, ಬಿಹಾರದ ತಾರೇಗ್ನಾಕ್ಕೆ ಹೋದೆ. ಅಲ್ಲಿ ಚೆನ್ನಾಗಿ ಕಾಣುತ್ತೆ ಅಂತ ಪೇಪರಿನಲ್ಲೆಲ್ಲ ಬಂದಿತ್ತು. ಜನವೋ ಜನ, ಜಾತ್ರೆ. ಕನ್ನಡಕ, ಕ್ಯಾಮೆರಾ ಎಲ್ಲ ತಯಾರು. ಮೋಡ. ಕತ್ತಲಾಯಿತು, ಬೆಳಕಾಯಿತು, ಸೂರ್ಯ ಎಲ್ಲಿದ್ದಾನೆ ಅಂತಲೂ ಗೊತ್ತಾಗಲಿಲ್ಲ. ಪಕ್ಕದಲ್ಲಿದ್ದ ಒಬ್ಬ ಹುಡುಗ ನನ್ನ ಮುಖ ನೋಡಿ ಸುಮ್ನೆ ಒಂದು ಬಾಳೆಹಣ್ಣು ಕೊಟ್ಟ.

ಮುಂದಿನದು ನಮ್ಮ ದೇಶಕ್ಕೆ 2034ರ ಮಾರ್ಚ್ 20ಕ್ಕೆ, ಕಾಶ್ಮೀರ, ಲಡಾಖ್ ಕಡೆ. ಆಗ ನನಗೆ 64. ಕೋಡಿಬಾಗದವರೇ, ನಿಮ್ಮ ಹಿಮಾಲಯವೂ ಅಲ್ಲೇ ಇದೆ. ಮಂಡಿಗೆ ಎಣ್ಣೆ ಹಚ್ಚಿ.

ಕೋಡಿಬಾಗದವ

ಅಕ್ಕ, ನಿಮ್ಮ ಬರಹ ಹೆಂಡತಿಗೆ ಓದಿ ಹೇಳಿದೆ. ಅವಳೂ ಬರುತ್ತಾಳಂತೆ. ಅಳಿಸಿದ ಸಾಲಿನ ವಿಚಾರ ಹೇಳಿದರೆ ಮಾತ್ರ.

ಬೈತಖೋಲದ ಬಂಗುಡೆ

ಅಂಜುದೀಪ ದ್ವೀಪದ ಬಗ್ಗೆ ಯಾರೂ ಹೇಳಲಿಲ್ಲ. ಚಿಕ್ಕವನಿದ್ದಾಗ ಅಜ್ಜಿಯ ಜೊತೆ ಫೆಬ್ರವರಿ 2ರ ಹಬ್ಬಕ್ಕೆ ದೋಣಿಯಲ್ಲಿ ಹೋಗುತ್ತಿದ್ದೆವು. ಅಲ್ಲಿ ಮೇರಿ ಮಾತೆಯ ಹಳೇ ಇಗರ್ಜಿ, ಸಿಹಿ ನೀರಿನ ಬುಗ್ಗೆ. 1961ರ ಡಿಸೆಂಬರ್‌ವರೆಗೆ ಅದು ಪೋರ್ಚುಗೀಸರ ಕೈಯಲ್ಲಿತ್ತು. ಬಿಡಿಸಲು ಹೋದ ನಮ್ಮ ನಾವಿಕರಲ್ಲಿ ಏಳು ಜನ ಅಲ್ಲೇ ತೀರಿಕೊಂಡರು. ನಮಗೆ ಅದೆಲ್ಲ ಗೊತ್ತಿರಲಿಲ್ಲ. ಬುತ್ತಿ ಬಿಚ್ಚಿ ಮೀನು ಹುರಿದದ್ದು ತಿನ್ನುವುದೇ ಹಬ್ಬ. ನೌಕಾನೆಲೆ ಬಂದ ಮೇಲೆ ನಮ್ಮಂಥವರಿಗೆ ಬಾಗಿಲು ಮುಚ್ಚಿತು. ಹಾಗಂತ ದೂರು ಅಲ್ಲ, ನನ್ನ ತಮ್ಮನಿಗೆ ಕೆಲಸ ಸಿಕ್ಕಿದ್ದೂ ಅಲ್ಲೇ. ಆದರೆ ಅಜ್ಜಿ ಸಾಯುವವರೆಗೂ ಫೆಬ್ರವರಿ 2ಕ್ಕೆ ಆ ಕಡೆ ಮುಖ ಮಾಡಿ ಮೇಣದಬತ್ತಿ ಹಚ್ಚುತ್ತಿದ್ದಳು.

ಇನ್ನೊಂದು ಮಾತು. ದೇವಗಡಕ್ಕೆ, ಕೂರ್ಮಗಡಕ್ಕೆ ಸಿಕ್ಕಿದ ದೋಣಿ ಹತ್ತಿ ಹೋಗಬೇಡಿ. 2019ರ ಜನವರಿಯಲ್ಲಿ ಕೂರ್ಮಗಡದ ನರಸಿಂಹ ಜಾತ್ರೆಯಿಂದ ಬರುವಾಗ ದೋಣಿ ಮಗುಚಿ 16 ಜನ ಹೋದರು. ಆ ದಿನ ನಾವು ಬಲೆ ಬಿಟ್ಟು ಓಡಿದವರು. ಅದರ ಬಗ್ಗೆ ಜಾಸ್ತಿ ಬರೆಯಲಾರೆ. ಲೈಫ್ ಜಾಕೆಟ್ ಇಲ್ಲದ ದೋಣಿಗೆ ಕಾಲಿಡಬೇಡಿ, ದೋಣಿ ನನ್ನದೇ ಆದರೂ.

ಇಪ್ಪತ್ನಾಲ್ಕು ತುಂಬಿದವಳು

ಇಲ್ಲಿ ನಾನೇ ಚಿಕ್ಕವಳು ಅನಿಸುತ್ತೆ. ನನ್ನ ಪಟ್ಟಿ ಫೋನಿನಲ್ಲಿದೆ, ಒಟ್ಟು 63. ಹೋದ ತಿಂಗಳು ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಸ್ಕೂಬಾ ಮಾಡಿ ಬಂದೆ. ನೀರಿನೊಳಗೆ ಮೊದಲ ಎರಡು ನಿಮಿಷ ಬರೀ ನನ್ನ ಉಸಿರಿನ ಸದ್ದು. ಆಮೇಲೆ ಹಳದಿ ಮೀನುಗಳ ಒಂದು ಹಿಂಡು ನನ್ನನ್ನು ಬಂಡೆ ಅಂದುಕೊಂಡು ಸುತ್ತಿ ಹೋಯಿತು. ಮೇಲೆ ಬಂದ ತಕ್ಷಣ ಮಾಡಿದ ಕೆಲಸ ಏನು ಗೊತ್ತಾ? ವಿಡಿಯೋ ಸರಿಯಾಗಿ ಬಂದಿದೆಯಾ ಅಂತ ಕೇಳಿದ್ದು. ನಿಮ್ಮದೆಲ್ಲ ಓದಿ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಯಾರ ಹತ್ತಿರವೂ ಒಂದು ಫೋಟೋ ಇಲ್ಲ, ಆದರೂ ಸಗಣಿ ವಾಸನೆಯವರೆಗೆ ನೆನಪಿದೆ.

ಬೈತಖೋಲದ ಬಂಗುಡೆ

ನಾವು ದುಡ್ಡಿಗಾಗಿ ಮೀನು ಹಿಡಿಯುತ್ತೇವೆ, ನೀವು ದುಡ್ಡು ಕೊಟ್ಟು ಮೀನು ನೋಡಿ ಬರುತ್ತೀರಿ. ನಡೀಲಿ.

ತೊಡೆದೇವು

ತಂಗಿ, ಹೊಟ್ಟೆಕಿಚ್ಚು ಬೇಡ. ನಮಗೆ ನೆನಪಿರುವುದು ಇಲ್ಲಿ ಬರೆದಿದ್ದೇವೆ. ಮರೆತದ್ದು ಎಷ್ಟಿದೆಯೋ ಯಾರಿಗೆ ಗೊತ್ತು. ಆ ತೊಟ್ಟಿಲಿನಲ್ಲಿ ನನ್ನ ಪಕ್ಕ ಕುಳಿತಿದ್ದ ಗೆಳತಿ ಯಾರು ಅಂತ ನಿನ್ನೆಯಿಂದ ಯೋಚಿಸುತ್ತಿದ್ದೇನೆ. ಒಬ್ಬಳಂತೂ ಇದ್ದಳು. ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು.

ಬೆಂಗ್ಳೂರಲ್ಲಿರೋ ಕುಮಟೆಯವ

ಕೋಡಿಬಾಗದವರೇ, ಹನ್ನೊಂದು ಅಂದಿರಿ. ಎಣಿಸಿದೆ. ಅಳಿಸಿದ್ದೂ ಸೇರಿ ಹತ್ತೇ ಇದೆ. ಲೆಕ್ಕದವನಿಗೆ ಮೋಸ ಮಾಡಬೇಡಿ.

ಕೋಡಿಬಾಗದವ

ಸಿಕ್ಕಿಬಿದ್ದೆ.

ಹನ್ನೊಂದನೆಯದು ಎಲ್ಲಕ್ಕಿಂತ ಸುಲಭದ್ದು. "ರಾತ್ರಿ ಕಾಳಿ ಸೇತುವೆ ನಡೆದು ದಾಟುವುದು." ಅಷ್ಟೇ. ಕೋಡಿಬಾಗ, ಸದಾಶಿವಗಡ ನಡುವೆ ಕಾಳಿ ಹೊಳೆ ಮೇಲಿದ್ದ ಹಳೇ ಸೇತುವೆ, ನಮ್ಮ ಮನೆಯಿಂದ ಕೂಗಳತೆ. ಅದರ ಮೇಲೆ ಬಸ್ಸಿನಲ್ಲಿ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಸೈಕಲ್ಲಿನಲ್ಲಿ ಹೋಗಿದ್ದೇನೆ, ಮದುವೆ ದಿಬ್ಬಣದಲ್ಲಿ ಹೋಗಿದ್ದೇನೆ, ಅಪ್ಪನನ್ನು ಗೋವಾದ ಆಸ್ಪತ್ರೆಗೆ ಕರೆದುಕೊಂಡು ಹೋದದ್ದೂ ಅದರ ಮೇಲೇ. ನಡೆದು ಮಾತ್ರ ಇಲ್ಲ. ಬುಡದಲ್ಲೇ ಇದೆಯಲ್ಲ, ಯಾವಾಗ ಬೇಕಾದರೂ ಹೋಗಬಹುದು ಅಂತ ಬಿಟ್ಟೆ.

2024ರ ಆಗಸ್ಟ್ 7ರ ನಡುರಾತ್ರಿ ದಾಟಿದ ಮೇಲೆ ಅದು ಬಿತ್ತು. ಒಂದು ಲಾರಿಯೂ ಜೊತೆಗೆ ಹೊಳೆಗೆ ಹೋಯಿತು. ಚಾಲಕ ಬದುಕಿದ, ದೇವರು ದೊಡ್ಡವನು. ಬೆಳಿಗ್ಗೆ ಊರೆಲ್ಲ ಹೋಗಿ ನೋಡಿತು, ನಾನೂ ಹೋದೆ. ಮುರಿದ ತುಂಡುಗಳು ನೀರಿಗೆ ಬಗ್ಗಿ ಕುಳಿತಿದ್ದವು, ನೀರು ಕುಡಿಯಲು ಬಂದ ದನಗಳ ಹಾಗೆ. ಆಗ ಈ ಪಟ್ಟಿ ನೆನಪಿರಲಿಲ್ಲ. ಮೊನ್ನೆ ಕರಪತ್ರ ಓದಿದಾಗ ಹನ್ನೊಂದನೆಯದಕ್ಕೆ ಬಂದು ನಿಂತೆ. ಇಲ್ಲಿ ಬರೆಯಲು ಮನಸ್ಸಾಗಲಿಲ್ಲ.

ಸದಾಶಿವಗಡ ಕಡೆಯವ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಈಗ ಬರೆಯಲೇಬೇಕು.

ನಿಮ್ಮ ಹನ್ನೊಂದನೆಯದು ನನಗೆ ಕಾಲೇಜಿನ ಮೂರು ವರ್ಷ ವಾರಕ್ಕೆ ಎರಡು ಸಲದ ಕೆಲಸ. ಬಸ್ಸು ತಪ್ಪಿದರೆ ನಡೆದು ದಾಟಿ, ಕೋಡಿಬಾಗದಲ್ಲಿ ಬೇರೆ ಬಸ್ಸು ಹಿಡಿಯಬೇಕಿತ್ತು. ಹೇಗಿತ್ತು ಅಂತ ಹೇಳುತ್ತೇನೆ, ಕೇಳಿ. ಮೊದಲ ಕಂಬದವರೆಗೆ ಊರಿನ ಸದ್ದು ಜೊತೆಗೆ ಬರುತ್ತೆ. ನಡುವಿಗೆ ಬಂದರೆ ಬರೀ ಗಾಳಿ. ಲಾರಿ ಬಂದರೆ ಮೊದಲು ಕಾಲಿಗೆ ಗೊತ್ತಾಗುತ್ತೆ, ಆಮೇಲೆ ಕಿವಿಗೆ. ಪಕ್ಕದ ಕಟ್ಟೆಗೆ ಕೈ ಇಟ್ಟರೆ ಅದು ಇರುವೆ ಹರಿದ ಹಾಗೆ ಜುಮ್ ಅನ್ನುತ್ತೆ. ಎಡಕ್ಕೆ ಗುಡ್ಡಗಳು, ಬಲಕ್ಕೆ ಹೊಳೆ ಕಡಲಿಗೆ ಸೇರುವ ಜಾಗ. ಅಲ್ಲಿ ನೀರು ಎರಡು ಬಣ್ಣ. ರಾತ್ರಿಯೂ ದಾಟಿದ್ದೇನೆ, ಯಕ್ಷಗಾನ ನೋಡಿ ಬರುವಾಗ. ಕೆಳಗೆ ಪಾತಿ ದೋಣಿಯಲ್ಲಿ ಒಂದು ಲಾಟೀನು. ಒಬ್ಬ ಕೆಮ್ಮಿದರೆ ಮೇಲಿನವರೆಗೆ ಕೇಳುತ್ತೆ. ಮಳೆಗಾಲದಲ್ಲಿ ನನ್ನ ಮೂರು ಛತ್ರಿ ಕಾಳಿ ಹೊಳೆಗೆ ಹೋಗಿವೆ. ಮೂರನೆಯದು ಅಕ್ಕನ ಮದುವೆಗೆ ತಂದ ಹೊಸ ಛತ್ರಿ. ಪೆಟ್ಟು ತಿಂದೆ.

ಇದನ್ನೆಲ್ಲ ಯಾರಾದರೂ ಪಟ್ಟಿಯಲ್ಲಿ ಬರೆದುಕೊಳ್ಳುತ್ತಾರೆ ಅಂತ ಗೊತ್ತಿದ್ದರೆ ಸ್ವಲ್ಪ ನಿಧಾನ ನಡೆಯುತ್ತಿದ್ದೆ. ನಮಗೆ ಬಸ್ಸಿನ ಚಿಂತೆ.

ಕೋಡಿಬಾಗದವ

ಎರಡು ಸಲ ಓದಿದೆ. ಹನ್ನೊಂದನೆಯದಕ್ಕೆ ಅರ್ಧ ಟಿಕ್ ಹಾಕಲಾ?

ಸದಾಶಿವಗಡ ಕಡೆಯವ

ಹಾಕಬೇಡಿ. ಹೊಸ ಸೇತುವೆ ಇದೆಯಲ್ಲ. ಭಾನುವಾರ ಬೆಳಿಗ್ಗೆ ಆರಕ್ಕೆ ನೀವು ಆ ಕಡೆಯಿಂದ ಹೊರಡಿ, ನಾನು ಈ ಕಡೆಯಿಂದ. ಲಾರಿ ಕಡಿಮೆ ಇರುವ ಹೊತ್ತು. ಅಂಚು ಹಿಡಿದು ಬನ್ನಿ.

ಶಿರಸಿ ಮಾವ

ರಾತ್ರಿ ಅಂತ ಬರೆದಿದ್ದಾರಲ್ವಾ? ಬೆಳಿಗ್ಗೆ ಆರು ಲೆಕ್ಕಕ್ಕೆ ಬರುತ್ತಾ?

ಸದಾಶಿವಗಡ ಕಡೆಯವ

ಹಾಗಾದರೆ ಐದಕ್ಕೆ. ಬ್ಯಾಟರಿ ತನ್ನಿ. ಛತ್ರಿ ಮಾತ್ರ ಬೇಡ.